ಕಾಲುವೆ ತುದಿಯವರು ಕಡಲ ತುದಿಯಲ್ಲಿ

ದೋಣಿ ಹಳದಿ ಬಣ್ಣದ್ದು. ಅಕ್ಕ ಕೇಸರಿ ಅನ್ನುತ್ತಾಳೆ. ಊರಿಗೆ ಮರಳಿ ಎರಡು ತಿಂಗಳಾದರೂ ಈ ಜಗಳ ಮುಗಿದಿಲ್ಲ. ಅದು ಹಾದುಹೋದಾಗ ನೋಡಿದವರು ನಾವಿಬ್ಬರೇ. ಮೂರನೆಯವಳು, ಅಕ್ಕನ ಮಗಳು ಸುಜಾತಾ, ಆಗ ಕಾರಿನ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಮಲಗಿದ್ದಳು. ಕಣ್ಣೆದುರು ಹಾದುಹೋದ ಒಂದು ದೋಣಿಯ ಬಣ್ಣವೇ ಹೀಗೆ ಎರಡಾಗುವುದಾದರೆ ಉಳಿದದ್ದನ್ನು ಹೇಗೆ ಬರೆಯುವುದು? ಗೊತ್ತಿದ್ದುದನ್ನು ಗೊತ್ತಿದೆ ಎಂದೂ, ಆಮೇಲೆ ಬಂದು ಸೇರಿಕೊಂಡದ್ದನ್ನು ಸೇರಿಕೊಂಡದ್ದೆಂದೂ ಹೇಳುತ್ತ ಹೋಗುತ್ತೇನೆ. ಭಯದ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಅದು ನಮ್ಮೂರು ಸತ್ತಿಯಿಂದಲೇ ನಮ್ಮ ಜೊತೆ ಹೊರಟಿತ್ತು.

ಸತ್ತಿ

ನಾನು ಅಥಣಿಯಲ್ಲಿ ಭೂಗೋಳ ಕಲಿಸುವ ಮಾಸ್ತರ. ಅಕ್ಕ ಸುವರ್ಣಾ ಸತ್ತಿಯಲ್ಲಿ ಭಾವನ ಜೊತೆ ದ್ರಾಕ್ಷಿ ಬೆಳೆಯುತ್ತಾಳೆ. ಸುಜಾತಾ ದನದ ಡಾಕ್ಟರಿಕೆ ಓದಿ, ರಾಯಬಾಗದ ಕಡೆ ಒಂದೆರಡು ವರ್ಷ ಎಮ್ಮೆಗಳ ಹೊಟ್ಟೆಗೆ ಕೈ ಹಾಕಿ, ಆಮೇಲೆ ಮೀನಿನ ರೋಗಗಳನ್ನು ಓದಲು ಹೋದವಳು. ಈಗ ನಾರ್ವೆ ದೇಶದ ಉತ್ತರ ತುದಿಯ ಒಂದು ದ್ವೀಪದಲ್ಲಿದ್ದಾಳೆ. ಅಲ್ಲಿ ಕಡಲೊಳಗೆ ದೊಡ್ಡ ದೊಡ್ಡ ಬಲೆಗಳನ್ನು ಇಳಿಬಿಟ್ಟು ಮೀನು ಸಾಕುತ್ತಾರೆ. ಆ ಮೀನುಗಳಿಗೆ ಇವಳು ಡಾಕ್ಟರು. ಗಂಡ ಅಮೋಲ ನಿಪ್ಪಾಣಿಯವನು, ಅಲ್ಲಿಯೇ ಯಂತ್ರಗಳ ಕೆಲಸ.

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರಬೇಕು. ಟಿಕೆಟ್ಟೂ ಆಗಿತ್ತು. ರಕ್ತದೊತ್ತಡ ಏರಿದೆ, ವಿಮಾನ ಹತ್ತಬೇಡ ಎಂದು ಡಾಕ್ಟರು ತಡೆದರು.

"ಮಗಳು ತವರಿಗಿ ಬರಲಿಲ್ಲಂದ್ರ ತವರs ಮಗಳ ಕಡೆ ಹೋಗೂದು," ಅಂದಳು ಅಕ್ಕ. "ನೀನೂ ನಡಿ ಮಾಸ್ತರ. ಇಪ್ಪತ್ತು ವರ್ಷ ನಕಾಶಿ ಮ್ಯಾಲ ಬೆರಳ ಆಡಿಸೀದಿ. ಈಗ ದಾರಿ ತೋರ್ಸು."

ಫೆಬ್ರುವರಿಯಲ್ಲಿ ನಮ್ಮಲ್ಲಿ ಗೊಂಚಲು ಇಳಿಸಿ ಒಣದ್ರಾಕ್ಷಿಗೆ ಹಾಕುವ ಕಾಲ. ಭಾವ ತೋಟ ಬಿಡುವಂತಿರಲಿಲ್ಲ. ಅದೂ ಅಲ್ಲದೆ ಆ ವಾರ ನೀರಿನ ಪಾಳಿ ಇತ್ತು.

ಪಾಳಿಯ ವಿಷಯ ಇಲ್ಲೇ ಹೇಳಿಬಿಡಬೇಕು, ಮುಂದೆ ನಾನು ಮಾಡಿದ ತಪ್ಪಿಗೆ ಬೇರೆ ಕಾರಣವಿಲ್ಲ. ಕೃಷ್ಣಾ ಹೊಳೆಯಿಂದ ಎತ್ತಿದ ನೀರು ಕಾಲುವೆಯಲ್ಲಿ ಊರ ಹೊಲಗಳನ್ನೆಲ್ಲ ದಾಟಿ ಕಡೆಗೆ ನಮ್ಮ ಹೊಲಕ್ಕೆ ಬರುತ್ತದೆ. ನಾವು ತುದಿಯವರು. ನಮ್ಮ ಪಾಳಿ ಶುರುವಾದಾಗ ಮೇಲಿನ ಹೊಲದವರು ಒಂದು ಬೇವಿನ ಟೊಂಗೆ ಮುರಿದು ಕಾಲುವೆಗೆ ಬಿಡಬೇಕು. ಅದು ತೇಲಿಕೊಂಡು ಬಂದು ನಮ್ಮ ಬದುವಿಗೆ ಮುಟ್ಟಿದ ಹೊತ್ತಿನಿಂದ ನೀರು ನಮ್ಮದು. ಟೊಂಗೆ ಬರದಿದ್ದರೆ ತುದಿಯವರು ಕೂತು ಕಾಯುವುದಿಲ್ಲ. ಸಲಿಕೆ ಹೆಗಲಿಗೇರಿಸಿ ಕಾಲುವೆ ಗುಂಟ ಮೇಲಕ್ಕೆ ನಡೆಯುತ್ತಾರೆ. ಎಲ್ಲೋ ಯಾರೋ ಒಡ್ಡು ಒಡೆದು ನೀರು ತಿರುಗಿಸಿಕೊಂಡಿರುತ್ತಾರೆ. ಕೂತವನಿಗೆ ನೀರಿಲ್ಲ ಎಂಬುದನ್ನು ನಾನೂ ಅಕ್ಕನೂ ಅಕ್ಷರ ಕಲಿಯುವ ಮೊದಲೇ ಕಲಿತವರು.

ಕೊಗನೊಳ್ಳಿ

ಮುಂಬೈ ದಾರಿಯಲ್ಲಿ ಮಹಾರಾಷ್ಟ್ರದ ಗಡಿಯ ಕೊಗನೊಳ್ಳಿ ದಾಟುವಾಗ ಅಕ್ಕ ಕಾರು ನಿಲ್ಲಿಸಿ ಚಹಾ ಕುಡಿದಳು. "ಇಲ್ಲಿಂದ ಪರದೇಶ ಚಾಲೂ," ಎಂದು ನಕ್ಕಳು. ಅವಳ ನಾದಿನಿ ಗಡಿಯಾಚೆ ಕಾಗಲಿನಲ್ಲಿದ್ದಾಳೆ, ವರ್ಷಕ್ಕೆ ಹತ್ತು ಸಲ ಹೋಗಿಬರುತ್ತಾಳೆ. ಆದರೂ ಅಂದು ನಕ್ಕ ಮೇಲೆ ಅವಳ ಚಹಾ ಸೀರೆಯ ಮೇಲೆ ಚೆಲ್ಲಿತು. ಅಥವಾ ಚೆಲ್ಲಿದ್ದು ನನ್ನ ಚಹಾ ಇರಬಹುದು. ಕಲೆ ಈಗಲೂ ಅವಳ ಸೀರೆಯ ಮೇಲಿದೆ, ಅದೊಂದೇ ಪುರಾವೆ.

ಅವಳ ಚೀಲದಲ್ಲಿ ಬಾಣಂತಿಗೆ ಕೊಡುವ ಅಂಟಿನುಂಡಿ, ಅಜವಾನ, ಒಣಕೊಬ್ಬರಿ, ಮನೆಯ ಒಣದ್ರಾಕ್ಷಿ, ಎರಡು ಕಿಲೋ ಎಮ್ಮೆ ತುಪ್ಪ ಮತ್ತು ಒಂದು ತೆಂಗಿನಕಾಯಿ.

"ಕಾಯಿ ಯಾಕಕ್ಕಾ?"

"ನೀರು ದಾಟೂದೈತೆಲ್ಲೋ. ಹೊಳಿ ದಾಟಾಕ ಗಂಗವ್ವಗ ಕಾಯಿ ಕೊಡ್ತೀವಿ. ಕಡಲಿಗಿ ಬರೀ ಕೈಲೆ ಹೋಗೂದೇನ?"

ತುಪ್ಪ ಉಳಿದ ಊರು

ಎರಡನೆಯ ವಿಮಾನ ಇಳಿದಲ್ಲಿ ತಪಾಸಣೆಯವನು ಹಾಲಿನ ಪದಾರ್ಥವಿದೆಯೇ ಎಂದು ಕೇಳಿದ. ನಾನು ಇದೆ ಎಂದೆ. ತುಪ್ಪದ ಡಬ್ಬಿ ಅವನ ಮೇಜಿನ ಮೇಲೆಯೇ ಉಳಿಯಿತು. ಅಂಟಿನುಂಡಿಯೂ ಉಳಿಯಿತು, ಅದರಲ್ಲಿ ತುಪ್ಪವಿದೆಯೆಂದು ಹೇಳಿದವನೂ ನಾನೇ. ತೆಂಗಿನಕಾಯಿಯನ್ನು ಅವನು ತಿರುಗಿಸಿ ಮುರುಗಿಸಿ ನೋಡಿ ಗೌರವದಿಂದ ಹಿಂದಿರುಗಿಸಿದ.

"ಆಗಲಿ," ಅಂದಳು ಅಕ್ಕ, ಅವನ ಮುಖ ನೋಡುತ್ತ, ಶುದ್ಧ ಸತ್ತಿ ಭಾಷೆಯಲ್ಲಿ. "ನಿನ್ನ ಹೇಣ್ತಿ ಬಾಣಂತನಕ್ಕ ಆಗಲಿ. ದಿನಾ ಒಂದ ಉಂಡಿ ಕೊಡು, ಎರಡ ಕೊಟ್ರ ಹೊಟ್ಟಿ ಕೆಡತೈತಿ."

ಅವನು ಮುಗುಳ್ನಕ್ಕು ತಲೆಬಾಗಿದ. ಮುಂದಿನ ವಿಮಾನದಲ್ಲಿ ಅಕ್ಕ ನನಗೆ ಬೆನ್ನು ತಿರುಗಿಸಿ ಕೂತಳು.

ನಾನು ಕಿಟಕಿಯಿಂದ ಕೆಳಗೆ ನೋಡಿದೆ. ಭೂಮಿಯೆಲ್ಲ ಬಿಳಿ, ಬೆಟ್ಟ ಬಿಳಿ, ಕೆರೆಗಳು ಬಿಳಿ. ಕಡಲು ಮಾತ್ರ ಕಪ್ಪಗೆ ಹೊರಳಾಡುತ್ತಿತ್ತು. ಹೆಪ್ಪುಗಟ್ಟಿರಲಿಲ್ಲ. ಪ್ರತಿ ವರ್ಷ ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ನಾನು ಕೆಂಪು ಸೀಮೆಸುಣ್ಣದಿಂದ ಒಂದು ಬಾಣ ಎಳೆಯುತ್ತೇನೆ. ಮೆಕ್ಸಿಕೋದ ಕೊಲ್ಲಿಯಿಂದ ಹೊರಟು, ಅಮೆರಿಕದ ದಂಡೆಗುಂಟ ಸಾಗಿ, ಅಡ್ಡಲಾಗಿ ಇಡೀ ಅಟ್ಲಾಂಟಿಕ್ ದಾಟಿ, ಯುರೋಪಿನ ನೆತ್ತಿಯವರೆಗೆ. "ಬಿಸಿನೀರಿನ ಪ್ರವಾಹ, ಬರಕೊಳ್ರಿ." ಬರೆದುಕೊಳ್ಳುತ್ತಾರೆ. ಬಾಣದ ಮೊನೆಯಲ್ಲಿ ಜನ ಇರುತ್ತಾರೆಂದು, ಅವರಲ್ಲೊಬ್ಬಳು ನಮ್ಮ ಸುಜಿ ಆಗಿರುತ್ತಾಳೆಂದು, ನಾನು ಯಾವತ್ತೂ ಯೋಚಿಸಿರಲಿಲ್ಲ.

ದ್ವೀಪ, ಮೊದಲ ದಿನ

ಸುಜಿಯ ಮನೆ ಕಡಲಿಗೆ ಮುಖ ಮಾಡಿದೆ. ಮುಂದೆ ದೋಣಿ ನಿಲ್ಲುವ ಮರದ ಸಣ್ಣ ಧಕ್ಕೆ. ಪಕ್ಕದಲ್ಲಿ ಇನ್ನೊಂದೇ ಮನೆ, ಅದರಲ್ಲಿ ಇಂಗ್ರಿಡ್ ಎಂಬ ಎಂಬತ್ತರ ಮುದುಕಿ. ಅಲ್ಲಿಗೆ ರಸ್ತೆ ಮುಗಿಯುತ್ತದೆ. ದ್ವೀಪದ ಇನ್ನೊಂದು ಕೊನೆಯಲ್ಲಿ ದೊಡ್ಡ ಬಂದರು, ಅಂಗಡಿ, ಶಾಲೆ. ಆಸ್ಪತ್ರೆ ಮಾತ್ರ ನೀರಿನಾಚೆ, ಪಟ್ಟಣದಲ್ಲಿ. ಹೆರಿಗೆಗೆ ಇನ್ನೂ ಮೂರು ವಾರ ಇತ್ತು. ಮುಂದಿನ ಸೋಮವಾರ ಪಟ್ಟಣಕ್ಕೆ ಹೋಗಿ ಅಲ್ಲಿಯೇ ಇದ್ದುಬಿಡುವುದೆಂದು ನಿಶ್ಚಯವಾಗಿತ್ತು.

ಅಕ್ಕ ಮನೆಯ ಜಾಗವನ್ನು ಒಂದು ಸುತ್ತು ನೋಡಿದಳು. "ಇಲ್ಲೂ ನಾವು ತುದಿಯವರs," ಅಂದಳು.

ಆಮೇಲೆ ಅವಳು ಕೊಡದಂಥ ಒಂದು ಪಾತ್ರೆ ಹಿಡಿದು ಧಕ್ಕೆಗೆ ಹೊರಟಳು. ಬಂದಿಳಿದ ಮೇಲೆ ನಾನು ಅವಳಿಗೆ ಬಿಸಿನೀರಿನ ಪ್ರವಾಹದ ಪಾಠ ಹೇಳಿದ್ದೆ, ಬಾಣಂತಿಗೆ ಎರೆಯಲು ಆದೀತೇ ಎಂದು ನೋಡುವುದಿತ್ತು. ಮೊಣಕೈವರೆಗೆ ಕೈ ಅದ್ದಿದವಳು ಚೀರಿ ಹಿಂದೆ ಸರಿದಳು.

"ಹಾಳಾಗ್ಲಿ ನಿನ್ನ ಮಾಸ್ತರಕಿ! ಇದಕ್ಕ ಬಿಸಿನೀರ ಅಂತೀಯೇನ? ಹುಡುಗೂರಿಗಿ ಇಷ್ಟು ವರ್ಷ ಸುಳ್ಳ ಕಲಿಸೀಯೇನೊ?"

ಸುಜಿ ಹೊಟ್ಟೆ ಹಿಡಿದು ನಕ್ಕಳು. ದಾರಕ್ಕೆ ಕಟ್ಟಿದ ಉಷ್ಣಮಾಪಕವನ್ನು ನೀರಿಗೆ ಬಿಟ್ಟು ಎಳೆದು ತೋರಿಸಿದಳು. ನಾಲ್ಕು ಡಿಗ್ರಿ.

"ಕೈಗಿ ಬೆಚ್ಚಗಲ್ಲವ್ವಾ. ಇಷ್ಟು ಮ್ಯಾಲಿನ ಊರಾಗ ಕಡಲು ಎಷ್ಟು ತಣ್ಣಗ ಇರಬೇಕಾಗಿತ್ತೋ ಅದಕ್ಕಿಂತ ಬೆಚ್ಚಗ. ನಕಾಶಿ ಮ್ಯಾಲ ಇದ ಸಾಲಿನ ಬ್ಯಾರೆ ಕಡಲಿಗಿ ಹೋಗು, ನೀರಿನ ಮ್ಯಾಲ ಟ್ರ್ಯಾಕ್ಟರ್ ಓಡಸಬಹುದು, ಅಷ್ಟ ಗಟ್ಟಿ ಆಗಿರತೈತಿ. ಇಲ್ಲೆ ನನ್ನ ಮೀನಾ ಉಳದಾವಂದ್ರ ಈ ನೀರಿಂದ. ಗಾಳಿನೂ ಕಾವು ತರತೈತಿ, ಎಲ್ಲಾ ನೀರಿಂದs ಅನ್ನಾಕ ಬರಾಂಗಿಲ್ಲ. ಆದ್ರ ಬಂದರ ತೆರದೈತೆಲ್ಲ, ದೋಣಿ ಓಡ್ತಾವಲ್ಲ, ಅದು ಈ ನೀರಿಂದ."

ಅಕ್ಕ ಕೈ ಒರೆಸಿಕೊಳ್ಳುತ್ತ ಕಪ್ಪು ನೀರನ್ನು ನೋಡಿದಳು.

"ಯಾರ್ಯಾರ ಹೊಲಾ ದಾಟಿ ಬರತೈತಿ ಇದು?"

"ಭಾಳ ಮಂದಿದು ದಾಟಿ ಬರತೈತಿ."

"ನಡುವ ಯಾರೂ ಒಡ್ಡ ಒಡಿಯೂದಿಲ್ಲಾ?"

ಸುಜಿ ನಕ್ಕಳು. ನನಗೆ ನಗು ಬರಲಿಲ್ಲ. ತುದಿಯವನ ಪ್ರಶ್ನೆಯೇ ಅದು, ಬೇರೆ ಪ್ರಶ್ನೆ ನಮಗೆ ಗೊತ್ತಿಲ್ಲ.

ಎರಡನೆಯ ದಿನ, ಅಥವಾ ಮೂರನೆಯದು

ಸುಜಿಯನ್ನು ಬಿಡದೆ ಕೇಳಿದೆ. ಆ ನೀರು ನಿಂತರೆ?

"ಪೂರಾ ನಿಲ್ಲಾಂಗಿಲ್ಲ ಮಾಮಾ. ಕಮ್ಮಿ ಆಗಬಹುದು ಅಂತ ಓದಿದವರು ಹೆದರಾಕತ್ತಾರ. ನೋಡು, ನೀರು ಇಲ್ಲಿ ತನಕ ಬಂದು ತನ್ನ ಕಾವು ಗಾಳಿಗಿ ಕೊಡತೈತಿ. ಕೊಟ್ಟು ತಣ್ಣಗಾಗತೈತಿ. ಉಪ್ಪಿನ ನೀರು ತಣ್ಣಗಾದ್ರ ಜಡಾ ಆಗತೈತಿ, ತಳಕ್ಕ ಇಳೀತೈತಿ. ಇಳದು, ತಳದಾಗಿಂದ ತಿರುಗಿ ದಕ್ಷಿಣಕ್ಕ ಹೊಂಡತೈತಿ. ಮುಂದಿಂದು ಇಳದ್ರ ಹಿಂದಿಂದಕ್ಕ ಜಾಗಾ. ಈಗ ಹಿಮಗಡ್ಡಿ ಕರಗಿ ಸಿಹಿನೀರು ಬಂದು ಕೂಡಾಕತ್ತೈತಿ. ಸಿಹಿನೀರು ಹಗುರ. ಹಗುರಾದ್ದು ಮುಳಗಾಂಗಿಲ್ಲ."

ಇದು ನನ್ನ ತಲೆಯನ್ನು ತಿರುಗಿಸಿಬಿಟ್ಟಿತು. ರಾಯಬಾಗ, ಅಥಣಿ, ಕಾಗವಾಡದ ಕಡೆ ಹೊಳೆದಂಡೆಯ ಎಷ್ಟೋ ಎಕರೆ ಕಬ್ಬಿನ ನೆಲ ಅತಿಯಾದ ನೀರಿಗೆ ಸವಳಾಗಿದೆ. ನೆಲದ ಮೇಲೆ ಉಪ್ಪು ಬೆಳ್ಳಗೆ ಏಳುತ್ತದೆ, ಏನೂ ಬೆಳೆಯುವುದಿಲ್ಲ. ಉಪ್ಪೆಂದರೆ ನಮಗೆ ಶಾಪ. ಇಲ್ಲಿ ಉಪ್ಪು ಕಡಿಮೆಯಾದೀತೆಂದು ಹೆದರುತ್ತಾರೆ. ಇನ್ನೊಂದು ಮಾತು. ನಮ್ಮ ಕಾಲುವೆಯಲ್ಲಿ ಎಲ್ಲ ಇರುವುದು ಮೇಲಿನವರ ಕೈಯಲ್ಲಿ. ಈ ಕಡಲಿನಲ್ಲಿ ನೀರು ಬರುವುದು ಬಿಡುವುದು ತುದಿಯಲ್ಲಿ ಅದು ಇಳಿಯುವುದರ ಮೇಲೆ ನಿಂತಿದೆ. ತುದಿಯಲ್ಲಿ ಸುಮ್ಮನೆ ನಿಂತು ಒಂದು ಕೆಲಸ ನಡೆಯಲು ಬಿಡುವುದೂ ಕೆಲಸವೇ. ಇದನ್ನು ಆ ದಿನವೇ ಯೋಚಿಸಿದೆನೋ, ಊರಿಗೆ ಬಂದ ಮೇಲೆ ಬುದ್ಧಿ ಹೊಳೆದು ಆ ದಿನಕ್ಕೆ ಅಂಟಿಸಿಕೊಂಡೆನೋ, ಪ್ರಮಾಣ ಮಾಡಲಾರೆ. ಆ ದಿನವೇ ಹೊಳೆದಿದ್ದರೆ ಆರನೆಯ ದಿನ ಹಾಗೆ ಮಾಡುತ್ತಿರಲಿಲ್ಲ.

ಸಂಜೆ ಇಂಗ್ರಿಡ್ ನಮ್ಮನ್ನು ತನ್ನ ಮನೆಗೆ ಕರೆದಳು. ಅಲ್ಲಿಯವರು ಹೆಚ್ಚು ಮಾತಾಡುವುದಿಲ್ಲ. ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಕಡಲಿಗೆ ಹೋದವರಿಗೆಂದು ಪ್ರತಿ ಕಿಟಕಿಯಲ್ಲೂ ಒಂದು ದೀಪ ಉರಿಯುತ್ತಿರುತ್ತದೆ. ಎಳೆಕೂಸುಗಳನ್ನು ಹೊದಿಸಿ ಹೊರಗೆ ಚಳಿಯಲ್ಲಿ, ಗಾಲಿ ತೊಟ್ಟಿಲಲ್ಲಿ ಮಲಗಿಸುತ್ತಾರೆ, ನಿದ್ದೆ ಚೆನ್ನಾಗಿ ಬರುತ್ತದಂತೆ. ಇದನ್ನು ಸುಜಿ ಹೇಳಿದಾಗ ಅಕ್ಕ ಎದ್ದು ನಿಂತಳು. "ನನ್ನ ಮೊಮ್ಮಗನ್ನ ಹೊರಗ ಇಟ್ಟೀರಂದ್ರ ನಾನೂ ಅಲ್ಲೇ ಹೊರಗ ಮಲಗ್ತೀನಿ, ಹೇಳು ಆ ಮುದುಕಿಗಿ."

ಸುಜಿ ಹೇಳಿದಳು. ಇಂಗ್ರಿಡ್ ಗಂಭೀರವಾಗಿ, ಆಗ ದೊಡ್ಡ ತೊಟ್ಟಿಲು ಬೇಕಾಗುತ್ತದೆ ಅಂದಳು.

ಆಮೇಲೆ ಕಪಾಟಿನಿಂದ ಒಂದು ತಗಡಿನ ಡಬ್ಬಿ ತಂದು, ಹತ್ತಿಯೊಳಗಿಂದ ಒಂದು ಬೀಜ ತೆಗೆದಳು. ಅಂಗೈ ತುಂಬುವಷ್ಟು ದೊಡ್ಡದು, ಚಪ್ಪಟೆ, ಕಂದು ಬಣ್ಣ, ಉಜ್ಜಿದಂಥ ಹೊಳಪು. ಅವಳ ಅಜ್ಜಿಯ ಅಜ್ಜಿಗೆ ದಂಡೆಯಲ್ಲಿ ಸಿಕ್ಕದ್ದು. ಬಿಸಿಯ ನಾಡಿನ ಯಾವುದೋ ಬಳ್ಳಿಯಿಂದ ಉದುರಿ, ಪ್ರವಾಹದಲ್ಲಿ ತೇಲಿಕೊಂಡು ಇಲ್ಲಿಯವರೆಗೆ ಬಂದದ್ದು. ಆ ಮನೆಯ ಹೆಂಗಸರು ಹೆರುವಾಗ ಇದನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದರು.

ಅಕ್ಕ ನೋಡಿದ್ದೇ ತಡ, "ಅಗಂಬಾಯಿ, ಗಾರಂಬಿ!" ಎಂದಳು.

ನಮ್ಮ ಅಜ್ಜಿ ಸೂಲಗಿತ್ತಿಯಾಗಿದ್ದಳು. ನಿಪ್ಪಾಣಿ ಸಂತೆಯಲ್ಲಿ ಕೊಂಕಣದ ಕಡೆಯ ಹೆಂಗಸರಿಂದ ಕೊಂಡ ಗಾರಂಬಿ ಬೀಜ ಅವಳ ಗಂಟಿನಲ್ಲಿ ಇರುತ್ತಿತ್ತು. ಬಾಣಂತಿಯರಿಗೆ ತೇಯ್ದು ಹಚ್ಚುತ್ತಿದ್ದಳು. ಅದೇ ಆಕಾರ, ಅದೇ ಹೊಳಪು. ಇದು ಬೇರೆ ಸಮುದ್ರದ ಬೀಜ, ಅದರ ದಾಯಾದಿ ಅಷ್ಟೇ ಎಂದು ಸುಜಿ ಎಷ್ಟು ಹೇಳಿದರೂ ಅಕ್ಕ ಕೇಳಲಿಲ್ಲ. ಇಂಗ್ರಿಡ್‌ಳ ಕೈಯನ್ನು ಬೀಜದ ಸಮೇತ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಕಾಲುವೆಯಲ್ಲಿ ಬೇವಿನ ಟೊಂಗೆ ಬಂದು ಬದುವಿಗೆ ಮುಟ್ಟಿದಾಗ ಅವಳ ಮುಖ ಹೀಗಿರುತ್ತದೆ.

ಆರನೆಯ ದಿನ

ಆ ಬೆಳಿಗ್ಗೆ ಗಾಳಿ ಎದ್ದಿತ್ತು. ಅಮೋಲ ಹಿಂದಿನ ದಿನ ಪಟ್ಟಣಕ್ಕೆ ಹೋದವನು ಜನ ಸಾಗಿಸುವ ದೊಡ್ಡ ದೋಣಿಗಳು ಗಾಳಿಗೆ ನಿಂತು ಅಲ್ಲಿಯೇ ಸಿಕ್ಕಿಬಿದ್ದಿದ್ದ. ಒಂಬತ್ತಕ್ಕೋ ಹತ್ತಕ್ಕೋ ಸುಜಿ ಅಡುಗೆಮನೆಯ ಕಟ್ಟೆ ಹಿಡಿದು ನಿಂತವಳು ಹಾಗೆಯೇ ಬಾಗಿದಳು.

"ಅವ್ವಾ, ಶುರು ಆತು."

"ಇನ್ನೂ ಎರಡು ವಾರದ ಮ್ಯಾಲ ಐತೆಲ್ಲ?"

"ಅದಕ್ಕೇನ ಕ್ಯಾಲೆಂಡರ್ ಓದಾಕ ಬರತೈತೇನವ್ವಾ?"

ಫೋನಿನಲ್ಲಿ ಮಾತಾಡಿದವಳು ಅವಳೇ. ಹೆಲಿಕಾಪ್ಟರ್ ಈ ಗಾಳಿಗೆ ಏಳುವುದಿಲ್ಲ, ಆಸ್ಪತ್ರೆಯ ದೋಣಿ ಬರುತ್ತದೆ, ಮನೆಯ ಮುಂದಿನ ಧಕ್ಕೆಗೇ ಬರುತ್ತದೆ, ಮನೆ ಬಿಟ್ಟು ಕದಲಬೇಡಿ ಎಂದಿದ್ದರು. ಸುಜಿ ಇದನ್ನು ನನಗೆ ಎರಡು ಸಲ ಹೇಳಿದಳು. "ಮಾಮಾ, ಇಲ್ಲೇ ಬರತೈತಿ. ನೀ ಕಿಟಕ್ಯಾಗ ನಿಂತು ನೋಡ್ತಿರು, ಅಷ್ಟs." ಎರಡು ಸಲ ಹೇಳಿದ್ದು ನನಗೆ ನೆನಪಿದೆ. ಇದರಲ್ಲಿ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಇಂಗ್ರಿಡ್ ಬಂದು ಬೀಜವನ್ನು ಸುಜಿಯ ಮುಷ್ಟಿಯಲ್ಲಿಟ್ಟು ಬೆರಳು ಮಡಚಿದಳು. ಅಕ್ಕ ಧಕ್ಕೆಗೆ ಹೋಗಿ ತೆಂಗಿನಕಾಯಿ ಒಡೆದು ಅರ್ಧ ನೀರಿಗೆ ಬಿಟ್ಟು ಬಂದಳು. ಒಂದು ಗಂಟೆ ಕಳೆಯಿತು. ದೋಣಿ ಇಲ್ಲ. ನೋವು ಹತ್ತಿರ ಹತ್ತಿರವಾಗುತ್ತಿತ್ತು, ನಾನು ಗಡಿಯಾರ ನೋಡುವುದನ್ನು ಬಿಟ್ಟೆ. ಕಿಟಕಿಯಲ್ಲಿ ನೀರು, ನೀರಿನ ಮೇಲೆ ಬಿಳಿ ನೊರೆ, ಅದರಾಚೆ ಏನೂ ಇಲ್ಲ.

ಅಕ್ಕ ನನ್ನ ಹಿಂದೆ ಬಂದು ನಿಂತಳು. ದನಿ ತಗ್ಗಿಸಿದಳು.

"ದೋಣಿ ಮೊದಲ ಎಲ್ಲಿ ನಿಲ್ಲತೈತಿ?"

"ದೊಡ್ಡ ಬಂದರಿನ್ಯಾಗ ಇರಬೇಕು."

"ಅಲ್ಲೇ ಯಾರೋ ಹಿಡಕೊಂಡಾರ. ಅಲ್ಲೂ ಯಾರಿಗೋ ಬ್ಯಾನಿ ಎದ್ದಿರತೈತಿ, ಕೈಕಾಲು ಮುರದಿರತೈತಿ. ಮ್ಯಾಲಿನವರದು ಮುಗದಾಗ ನಮ್ಮ ಪಾಳಿ. ತುದಿಯವರು ಕುಂತ್ರ ಬರತೈತೇನೋ ತಮ್ಮಾ? ಮ್ಯಾಲ ಹೋಗೂಣು ನಡಿ."

ನಾನು ಬೇಡ ಎಂದೆನೇ? ಒಂದು ಸಲ ಎಂದಂತೆ ನೆನಪು. ಅಕ್ಕ ಮಾತ್ರ, "ನೀ ಏನೂ ಅನ್ನಲಿಲ್ಲ, ಸುಜಿ ಕಾರಿನ ಕೀಲಿ ಮೊದಲs ನಿನ್ನ ಕೈಯಾಗ ಇತ್ತು," ಅನ್ನುತ್ತಾಳೆ. ಅವಳ ಮಾತೇ ನಿಜವಿರಬೇಕು. ಸುಜಿ ತಲೆ ಅಲ್ಲಾಡಿಸಿದಳು, ಬ್ಯಾಡ ಎಂದು ಅನ್ನುವಷ್ಟರಲ್ಲಿ ಇನ್ನೊಂದು ನೋವು ಬಂತು. ಅವಳಿಗೆ ಮಾತು ಬರದ ಆ ಹೊತ್ತನ್ನೇ ನಾವಿಬ್ಬರೂ ಒಪ್ಪಿಗೆಯೆಂದು ಹಿಡಿದೆವು. ಇಂಗ್ರಿಡ್ ಕಾರಿಗೆ ಅಡ್ಡ ನಿಂತು ಕೈಯಿಂದ ನೆಲ ತೋರಿಸುತ್ತ ಏನೋ ಅಂದಳು. ಇಲ್ಲೇ, ಇಲ್ಲೇ ಎಂದಿರಬೇಕು. ನಾನು ಅವಳನ್ನು ಸುತ್ತಿ ಕಾರು ಓಡಿಸಿದೆ. ಕನ್ನಡಿಯಲ್ಲಿ ನೋಡಿದಾಗ ಅವಳು ಒಬ್ಬಳೇ ಧಕ್ಕೆಯತ್ತ ನಡೆಯುತ್ತಿದ್ದಳು.

ರಸ್ತೆಯ ತಿರುವು

ಅಥಣಿಯ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಓಡಿಸಿದವನು ನಾನು, ಎಡಗಡೆ ನಡೆಯುವವನು. ಹಿಮದ ಮೇಲೆ, ಬಲಗಡೆ, ಅರ್ಧ ದಾರಿ ಹೋದದ್ದೇ ಹೆಚ್ಚು. ಒಂದು ತಿರುವಿನಲ್ಲಿ ಚಕ್ರ ನನ್ನ ಮಾತು ಕೇಳಲಿಲ್ಲ. ಕಾರು ನಿಧಾನವಾಗಿ, ಎಮ್ಮೆ ಕೆಸರಿಗೆ ಇಳಿಯುವ ಹಾಗೆ, ಪಕ್ಕದ ಹಿಮದ ಗುಡ್ಡೆಗೆ ಇಳಿದು ಕೂತಿತು. ಯಾರಿಗೂ ಏಟಾಗಲಿಲ್ಲ. ಚಕ್ರ ಮಾತ್ರ ತಿರುಗಿ ತಿರುಗಿ ಇನ್ನಷ್ಟು ಇಳಿಯಿತು.

ಕೆಳಗೆ ಕಡಲು ಕಾಣುತ್ತಿತ್ತು. ಆಗಲೇ ಆ ದೋಣಿ ಬಂತು.

ಬೆಟ್ಟದ ಮೂಗಿನ ಆಚೆಯಿಂದ ಹೊರಬಂದು, ಅಲೆಯ ಮೇಲೆ ಏರಿ ಇಳಿಯುತ್ತ, ನಮ್ಮ ಕಾಲ ಕೆಳಗೇ ಹಾದು, ನಾವು ಬಿಟ್ಟುಬಂದ ಮನೆಯ ಕಡೆಗೆ ಹೋಯಿತು. ಹಳದಿ ಅಥವಾ ಕೇಸರಿ. ದೊಡ್ಡ ಬಂದರಿನಲ್ಲಿ ಅದು ನಿಂತೇ ಇರಲಿಲ್ಲವೆಂದು, ಎದುರುಗಾಳಿಗೆ ತಡವಾಗಿತ್ತೆಂದು, ನೇರ ನಮಗೋಸ್ಕರವೇ ಹೊರಟು ಬಂದಿತ್ತೆಂದು ಆಮೇಲೆ ಗೊತ್ತಾಯಿತು. ಯಾರೂ ಒಡ್ಡು ಒಡೆದಿರಲಿಲ್ಲ. ಮೇಲಿನವರು ಎಂಬುವರೇ ಅಲ್ಲಿರಲಿಲ್ಲ.

ನಾನು ಕೂಗಿದೆ. ಗಾಳಿ ನನ್ನ ಕೂಗನ್ನು ನನ್ನ ಬಾಯಿಗೇ ತುರುಕಿತು. ಅಕ್ಕ ಕೆಂಪು ಶಾಲು ಬೀಸಿದಳು. ದೋಣಿ ತಿರುಗಿ ನೋಡಲಿಲ್ಲ. ಕಾರಿನೊಳಗಿಂದ ಸುಜಿ ಅರಚಿದ ದನಿ ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಅದರಲ್ಲಿ ನನ್ನ ಹೆಸರಿರಲಿಲ್ಲ, ಬೈಗುಳವೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಅಕ್ಕ ಹಿಂದಿನ ಸೀಟಿಗೆ ನುಗ್ಗಿದಳು. "ಉಸರ ಬಿಡು ನನ್ನವ್ವ, ಉಸರ ಬಿಡು. ಮಾಸ್ತರ, ನೀ ಅತ್ಲಾಗ ಮುಖಾ ಮಾಡಿ ನಿಂದ್ರು." ಅತ್ತ ಮುಖ ಮಾಡಿ ಕಡಲನ್ನೇ ನೋಡುತ್ತ ನಿಂತೆ. ಆ ಹೊತ್ತು ಎಷ್ಟಿತ್ತೆಂದು ಕೇಳಬೇಡಿ. ಇಪ್ಪತ್ತು ನಿಮಿಷ ಎಂದು ಒಮ್ಮೆ ಬರೆದು ಹೊಡೆದುಹಾಕಿದ್ದೇನೆ, ನಲವತ್ತು ಎಂದು ಇನ್ನೊಮ್ಮೆ.

ದೋಣಿ ಮರಳಿತು. ಧಕ್ಕೆಯ ಮೇಲೆ ನಿಂತಿದ್ದ ಇಂಗ್ರಿಡ್ ಅವರಿಗೆ ರಸ್ತೆಯತ್ತ ಕೈ ತೋರಿಸಿದ್ದಳು. ನಮ್ಮ ತಿರುವಿನ ಕೆಳಗೆ ಮೀನುಗಾರರ ಹಳೆಯ ಕಟ್ಟೆಯೊಂದಿತ್ತು. ಇಬ್ಬರು ಗಂಡಸರು, ಒಬ್ಬ ಹೆಂಗಸು ಮೇಲೆ ಹತ್ತಿ ಬಂದು ಸುಜಿಯನ್ನು ಹೊದಿಸಿ ಕಟ್ಟಿ ಎತ್ತಿಕೊಂಡರು. ಜೊತೆಗೆ ಒಬ್ಬರೇ ಎಂದು ಬೆರಳೆತ್ತಿದರು. ಅಕ್ಕ ಹೋದಳು. ಸುಜಿಯ ಮುಷ್ಟಿ ಹೊದಿಕೆಯಿಂದ ಹೊರಗೆ ಉಳಿದಿತ್ತು, ಬಿಗಿಯಾಗಿ ಮುಚ್ಚಿಕೊಂಡು.

ಇಂಗ್ರಿಡ್‌ಳ ಅಡುಗೆಮನೆ

ಇಂಗ್ರಿಡ್ ಯಾರದೋ ಟ್ರ್ಯಾಕ್ಟರ್ ಕರೆಸಿ ನನ್ನನ್ನೂ ಕಾರನ್ನೂ ತಂದಳು. ತನ್ನ ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಸುರಿದಳು. ಬೈಯಲಿಲ್ಲ. ಅಲ್ಲಿಯ ಜನರ ಈ ಮೌನ ಎಂಥ ಶಿಕ್ಷೆಯೆಂದು ಆಗ ತಿಳಿಯಿತು. ನಮ್ಮೂರಲ್ಲಾಗಿದ್ದರೆ ಇಡೀ ಓಣಿ ಸೇರಿ ಬೈದು ನನ್ನ ಎದೆಯ ಭಾರ ಹಂಚಿಕೊಳ್ಳುತ್ತಿತ್ತು.

ಅವಳಿಗೆ ಬರುತ್ತಿದ್ದ ಚೂರು ಇಂಗ್ಲಿಷಿನಲ್ಲಿ ಒಂದು ಮಾತು ಅಂದಳು. ತನ್ನ ಗಂಡ ಕಡಲಿಗೆ ಹೋದಾಗ ತಾನೂ ಕಾಯುತ್ತಿದ್ದೆ, ಕಾಯುವುದಕ್ಕೆ ಕೈಯಲ್ಲಿ ಕೆಲಸ ಬೇಕು, ಎಂದು. ಆಲೂಗಡ್ಡೆಯ ಬುಟ್ಟಿ ಮುಂದಿಟ್ಟಳು. ನಾನು ಸುಲಿಯುತ್ತ ಹೋದೆ. ಇಬ್ಬರಿಗೆ ಎಂಟು ದಿನಕ್ಕಾಗುವಷ್ಟು ಸುಲಿದೆ.

ಮೂರು ಗಂಟೆಗೆ ಅಮೋಲನ ಫೋನು ಬಂತು. "ಮಾಮಾ, ಮುಲ್ಗೀ ಝಾಲೀ," ಅಂದ. ಹೆಣ್ಣುಮಗು. ದೋಣಿ ದಂಡೆ ಮುಟ್ಟುವ ಮೊದಲೇ, ನೀರಿನ ನಡುವೆಯೇ ಹುಟ್ಟಿತ್ತು. ಕೂಸು ಚೆನ್ನಾಗಿದೆ.

"ಸುಜಿ?"

"ರಕ್ತ ಭಾಳ ಹೋಗೈತಿ ಮಾಮಾ. ಒಳಗ ಒಯ್ದಾರ. ಮತ್ತ ಹೇಳ್ತೀನಿ."

ಮತ್ತೆ ಹೇಳಿದ್ದು ಮರುದಿನ ಬೆಳಿಗ್ಗೆ. ಆ ನಡುವಿನ ಹೊತ್ತನ್ನು ಬರೆಯುವುದಿಲ್ಲ. ಇಂಗ್ರಿಡ್ ಕಿಟಕಿಯ ದೀಪ ಆರಿಸಲಿಲ್ಲ, ನಾನು ಅವಳ ಕುರ್ಚಿಯಿಂದ ಏಳಲಿಲ್ಲ. ನನ್ನ ತಲೆಯೊಳಗೆ ಒಂದೇ ದೃಶ್ಯ. ದೋಣಿ ನಮ್ಮ ಕೆಳಗೆ ಹಾದುಹೋಗುತ್ತಿದೆ, ಮತ್ತೆ ಹಾದುಹೋಗುತ್ತಿದೆ. ಬೆಳಿಗ್ಗೆ ಅಮೋಲ ಅಂದ, "ಕಣ್ಣು ತೆಗದಾಳ. ಹಸಿವಿ ಅಂದಾಳ." ನಾನು ಸುಲಿದ ಆಲೂಗಡ್ಡೆಯೊಂದನ್ನು ಹಿಡಿದುಕೊಂಡೇ ಅತ್ತೆ. ಇಂಗ್ರಿಡ್ ಅದನ್ನು ಮೆಲ್ಲಗೆ ಕೈಯಿಂದ ಬಿಡಿಸಿ ನೀರಿಗೆ ಹಾಕಿದಳು.

ಎಂಟನೆಯ ದಿನ

ಗಾಳಿ ಇಳಿದ ಮೇಲೆ ಅಕ್ಕ ಬಟ್ಟೆಬರೆ ಒಯ್ಯಲು ಬಂದಳು. ಧಕ್ಕೆಯಲ್ಲಿ ಇಳಿಯುತ್ತಲೇ ಕೂಸಿನ ಮೂಗಿನಿಂದ ಶುರುಮಾಡಿ ಕಾಲಿನ ಉಗುರಿನವರೆಗೆ ವರ್ಣಿಸಿದಳು. ನಾನು ಒಂದನ್ನೇ ಕೇಳಿದೆ.

"ನಾವು ಇಲ್ಲೇ ಇದ್ದಿದ್ರ? ಅಷ್ಟು ಹೊತ್ತು ಹೋಗದಿದ್ರ, ರಕ್ತ ಅಷ್ಟು ಹೋಗ್ತಿತ್ತೇನಕ್ಕಾ? ಡಾಕ್ಟರ್ ಏನಂದ್ರು?"

ಅಂದು ಅವಳು, ಡಾಕ್ಟರು ಏನೂ ಅನ್ನಲಿಲ್ಲ ಅಂದಳು. ಮರಳುವ ವಿಮಾನದಲ್ಲಿ, ತಿಳಿಯಲಿಕ್ಕೆ ನನಗೇನು ಅವರ ಭಾಷೆ ಬರುತ್ತದೆಯೇ ಅಂದಳು. ಸತ್ತಿಯಲ್ಲಿ ಭಾವನ ಮುಂದೆ, ದೋಣಿಯಲ್ಲೇ ಹೆರಬೇಕೆಂದು ಹಣೆಯಲ್ಲಿ ಬರೆದಿತ್ತು ಅಂದಳು. ಸುಜಿಯನ್ನು ಕೇಳಿದರೆ, "ಏನೂ ಫರಕ್ ಆಗ್ತಿರಲಿಲ್ಲ ಮಾಮಾ, ಬಿಡು," ಅನ್ನುತ್ತಾಳೆ. ಅದು ಡಾಕ್ಟರಿಕೆ ಓದಿದವಳ ಮಾತೋ, ಸೋದರಮಾವನನ್ನು ಉಳಿಸಿಕೊಂಡ ಸೋದರಸೊಸೆಯ ಮಾತೋ? ಗೊತ್ತಿಲ್ಲ. ಈ ವರ್ಷ ಒಂಬತ್ತನೆಯ ಇಯತ್ತೆಗೆ ಕೆಂಪು ಬಾಣ ಎಳೆಯುವಾಗ ಮೊನೆಯ ಹತ್ತಿರ ಸೀಮೆಸುಣ್ಣ ಮುರಿಯಿತು. ಮಕ್ಕಳು ನಕ್ಕರು.

ಆ ದಿನ ಧಕ್ಕೆಯ ಮೇಲೆ ಅಕ್ಕ ತನ್ನ ಕುಪ್ಪಸದೊಳಗಿಂದ ಬೀಜವನ್ನು ತೆಗೆದು, ಮುದುಕಿಗೆ ಮುಟ್ಟಿಸು ಎಂದು ನನ್ನ ಕೈಗೆ ಹಾಕಿದಳು. ಹೆರುವಾಗಲೂ, ಆಮೇಲೆ ಒಳಗೆ ಒಯ್ದಾಗಲೂ ಸುಜಿ ಅದನ್ನು ಬಿಟ್ಟಿರಲಿಲ್ಲವಂತೆ. ಕಡೆಗೆ ಒಬ್ಬ ನರ್ಸು ಬೆರಳು ಒಂದೊಂದಾಗಿ ಬಿಡಿಸಬೇಕಾಯಿತಂತೆ.

ಇಂಗ್ರಿಡ್‌ಳ ಬಾಗಿಲಿಗೆ ಇಪ್ಪತ್ತು ಹೆಜ್ಜೆ. ನಾನು ಮುಷ್ಟಿ ಮುಚ್ಚಿಕೊಂಡು ನಡೆದೆ. ಸುತ್ತ ಸೊಂಟದೆತ್ತರ ಹಿಮ, ಪಕ್ಕದಲ್ಲಿ ಹೆಪ್ಪುಗಟ್ಟದ ಕಪ್ಪು ನೀರು. ಬೀಜ ಬೆಚ್ಚಗಿತ್ತು. ಸುಜಿಯ ಕಡಲಿನಂತೆ ಇದೂ ಯಾವುದಕ್ಕಿಂತ ಬೆಚ್ಚಗೆ ಎಂದು ಆ ಇಪ್ಪತ್ತು ಹೆಜ್ಜೆ ಮಾತ್ರ ನಾನು ಕೇಳಿಕೊಳ್ಳಲಿಲ್ಲ.